ಹಳೇಬೀಡು ಅಂತ ಹುಡುಕಿದ್ರೆ ಲೈಬ್ರರಿಯ ಡಿಜಿಟಲ್ ಸಂಗ್ರಹ ನಡೆಸೋ ಸಾಫ್ಟ್‌ವೇರ್ ಡಿಸ್ಪೇಸ್‌ನಲ್ಲಿ ಏನೂ ಸಿಗ್ತಿಲ್ಲ ಅಂದಿರಲ್ಲ, ಅದಕ್ಕೆ

ಬಹುಶಃ ನಿಮ್ಮ ಪಿಡಿಎಫ್‌ಗಳು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಆಗಿರೋವು, ಕಣ್ಣಿಗೆ ಕನ್ನಡ ಕಂಡ್ರೂ ಒಳಗಿರೋದು ಯೂನಿಕೋಡ್ (ಕಂಪ್ಯೂಟರ್ ಕನ್ನಡ ಅಂತ ಗುರುತಿಸೋ ಅಕ್ಷರ ಸಂಕೇತ) ಅಲ್ಲ, ಫೈಲ್ ನೋಡದೇ ಪಕ್ಕಾ ಹೇಳೋಕಾಗಲ್ಲ. ಹಾಸನದ ಒಂದು ಕಾಲೇಜು ಲೈಬ್ರರಿಯಲ್ಲಿ ನಂಗೂ ಇದೇ ಆಗಿತ್ತು. ಮೊದ್ಲು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿಕೊಂಡು ಬಂದ್ರೆ ನುಡಿ ಥರದ ಹಳೇ ಫಾಂಟೇ, ಮೂಲ ಫೈಲನ್ನ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ ಹೊಸ ಪಿಡಿಎಫ್ ತೆಗೀರಿ. ಸೆಲೆಕ್ಟೇ ಆಗ್ಲಿಲ್ಲ ಅಂದ್ರೆ ಅದು ಬಹುಶಃ ಬರೀ ಸ್ಕ್ಯಾನ್ ಫೋಟೋ, ಟೆಸರಾಕ್ಟ್ ಅನ್ನೋ ಸಾಫ್ಟ್‌ವೇರ್‌ಗೆ ಕನ್ನಡ ಡೇಟಾ ಹಾಕಿ ಓಸಿಆರ್ (ಫೋಟೋದಲ್ಲಿರೋ ಅಕ್ಷರನ ಟೆಕ್ಸ್ಟ್ ಮಾಡೋದು) ಮಾಡಿ, ಒತ್ತಕ್ಷರ ತಪ್ಪಿರುತ್ತೆ, ಊರು ಹೆಸರು ಶಾಸನದ ಸಾಲನ್ನಾದ್ರೂ ದಯವಿಟ್ಟು ಕೈಯಲ್ಲಿ ತಿದ್ದಿ.

ಆಮೇಲೆ ಹೊಸ ಫೈಲ್ ಏರಿಸಿ, ಡಿಸ್ಪೇಸ್‌ನ ಫಿಲ್ಟರ್-ಮೀಡಿಯಾ ಕಮಾಂಡ್ (ಫೈಲ್‌ನಿಂದ ಪಠ್ಯ ತೆಗೆಯುತ್ತೆ) ಓಡಿಸಿ, ಅದು ಮುಗಿದ ಮೇಲೆ ಇಂಡೆಕ್ಸ್-ಡಿಸ್ಕವರಿ (ಸರ್ಚ್ ಸೂಚಿಯನ್ನ ಹೊಸದು ಮಾಡುತ್ತೆ).

ಇಷ್ಟಾದ್ರೂ ಕೆಲವು ಪುಟ ತಪ್ಪಿಸಿಕೊಳ್ತವೆ, ಯಾಕಂದ್ರೆ ಪುಸ್ತಕದಲ್ಲಿ ಹಳೇಬೀಡಿನ, ಹಳೇಬೀಡಿಗೆ ಅಂತಿರುತ್ತೆ, ಕನ್ನಡದ ವಿಭಕ್ತಿ ಪ್ರತ್ಯಯ ಬಿಡಿಸೋ ವ್ಯವಸ್ಥೆ ಇಲ್ದಿದ್ರೆ ಸರ್ಚ್‌ಗೆ ಅವೆಲ್ಲಾ ಬೇರೆ ಬೇರೆ ಪದ. ಕೊನೇ ಉ ಬಿಟ್ಟು ಹಳೇಬೀಡ* ಅಂತ ನಕ್ಷತ್ರ ಹಾಕಿ ಹುಡುಕಿ, ಹಾಗೆ ಶುರುವಾಗೋ ಎಲ್ಲಾ ರೂಪನೂ ಬರುತ್ತೆ.