ಅಳು ಬರುತ್ತಿಲ್ಲ, ಎದೆ ಬಿಗಿದಿದೆ

ಪ್ರಶ್ನೆ: ನನಗೆ 47 ವರ್ಷ, ಗದಗ-ಬೆಟಗೇರಿಯವಳು. ದೀಪಾವಳಿ ಮುಂಚೆ ಯಜಮಾನರು ಹೋಗಿಬಿಟ್ಟರು. ಬಂದವರಿಗೆ ಊಟ, ಹಾಸಿಗೆ ಅಂತ ಓಡಾಡಿದೆ, ಅಳಲಿಲ್ಲ. ಆಮೇಲೂ ಅಳು ಬರಲಿಲ್ಲ. ಈಗ ಎದೆ ಬಿಗಿಯುತ್ತದೆ, ಹೆಗಲು ಕಲ್ಲಾಗಿದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಇಸಿಜಿ, ರಕ್ತ, ಥೈರಾಯ್ಡ್ ಎಲ್ಲ ನಾರ್ಮಲ್. ಬೆಂಗಳೂರಿನ ಮಗಳು ‘ಮೈ ಮೂಲಕ ಮಾಡೋ ಥೆರಪಿ ಇದೆ, ಕುಣಿಸ್ತಾರೆ, ಚಿತ್ರ ಬರೆಸ್ತಾರೆ’ ಅಂತಾಳೆ. ಅತ್ತೆ ‘ವರ್ಷ ತುಂಬಿಲ್ಲ, ಹಾಡು ಕುಣಿತ ಏನು?’ ಅಂತಾರೆ. ಮನಸ್ಸಿನ ನೋವಿಗೂ ಮೈಗೂ ಏನು ಸಂಬಂಧ ಅಕ್ಕಾ?

ಉತ್ತರ: ತಂಗಿ, ಮೊದಲು ಟೆಸ್ಟ್ ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ಮುಂದೆಯೂ ಎದೆ ಬಿಗಿತದ ಜೊತೆ ಬೆವರು ಬಂದರೆ, ನೋವು ಎಡಗೈಗೆ ಇಳಿದರೆ, ‘ಇದು ಮನಸ್ಸಿಂದು’ ಅಂತ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಈಗ ಮೈ ವಿಷಯ. ಅಳು ತಡೆಯುವುದು ಸುಮ್ನೆ ಆಗುವ ಕೆಲಸವಲ್ಲ. ದವಡೆ ಕಚ್ಚಬೇಕು, ಗಂಟಲು ಬಿಗಿಹಿಡಿಯಬೇಕು, ಹೆಗಲು ಮೇಲೆತ್ತಿ ಉಸಿರನ್ನು ಮೇಲೆಯೇ ನಿಲ್ಲಿಸಬೇಕು. ಆ ದಿನಗಳಲ್ಲಿ ಮನೆ ನಿಂತದ್ದೇ ನಿಮ್ಮ ಮೇಲೆ, ಹಾಗಾಗಿ ಮೈ ಅಷ್ಟೂ ಕೆಲಸ ಮಾಡಿತು. ಮಾಡುತ್ತ ಮಾಡುತ್ತ ಅದೇ ರೂಢಿಯಾಯಿತು. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಅವರ ಬಳಿ ಕಲಿತ ವಿಲ್ಹೆಲ್ಮ್ ರೈಕ್ 1930ರ ದಶಕದಲ್ಲೇ ಇದನ್ನು ಹೇಳಿದ್ದರು: ತಡೆದ ಭಾವನೆ ಸ್ನಾಯುಗಳಲ್ಲಿ ಬಿಗಿಯಾಗಿ ಉಳಿಯುತ್ತದೆ ಅಂತ. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಆದರೆ ಇದನ್ನು ಧಾರವಾಡದ ನನ್ನ ಥೆರಪಿ ಕೋಣೆಯಲ್ಲಿ ದಿನಾ ನೋಡುತ್ತೇನೆ.

ಕುಣಿಸುವುದು ಅಂದರೆ ಸ್ಟೇಜ್ ಮೇಲಿನ ಕುಣಿತ ಅಲ್ಲ. ಮೇರಿಯನ್ ಚೇಸ್ ಅನ್ನುವ ನೃತ್ಯಗಾತಿ 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಈ ಕೆಲಸ ಶುರು ಮಾಡಿದರು. ಮಾತೇ ಬಿಟ್ಟವರು ಅಲ್ಲಿದ್ದರು. ಅವರು ಹೇಗೆ ಅಲುಗಾಡುತ್ತಾರೋ ಹಾಗೇ ಚೇಸ್ ತಾವೂ ಅಲುಗಾಡಿ, ಅಲ್ಲಿಂದ ಪರಿಚಯ ಬೆಳೆಸುತ್ತಿದ್ದರು. ಮಾತು ಆಮೇಲೆ.

ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ. ನವಲಗುಂದ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬರುತ್ತಿದ್ದರು, ಮಗನನ್ನು ಕಳೆದುಕೊಂಡವರು. ಬಾಯಿ ಬಿಡುತ್ತಿರಲಿಲ್ಲ. ಕಸೂತಿ ಬರುತ್ತೆ ಅಂದರು, ತನ್ನಿ ಅಂದೆ. ಕಸೂತಿಗೆ ಬಟ್ಟೆ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಅನ್ನುವ ಹೊಲಿಗೆಯಲ್ಲಿ ಸೂಜಿ ನಡುನಡುವೆ ಜಾಗ ಬಿಟ್ಟು ಹೋಗುತ್ತದೆ, ಅದೇ ದಾರಿಯಲ್ಲಿ ಮರಳಿ ಬಂದು ಖಾಲಿ ಜಾಗ ತುಂಬುತ್ತದೆ. ಸೂಜಿ ಚುಚ್ಚುವಾಗಲೆಲ್ಲ ಅವರು ಉಸಿರು ಕಟ್ಟುತ್ತಿದ್ದರು. ‘ಈಗ ಉಸಿರು ಎಲ್ಲಿದೆ?’ ಅಂತ ಮೆಲ್ಲಗೆ ಕೇಳಿದೆ. ಕೈ ನಿಂತಿತು. ದಾರ ಎಳೆಯುವಾಗ ಉಸಿರು ಬಿಡಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಆಕಳಿಕೆ ಬಂತು, ಹೆಗಲು ಇಳಿಯಿತು. ‘ಅವನಿಗೆ ಒಂದು ರುಮಾಲು ಹಾಕಿ ಕೊಡ್ತೀನಿ ಅಂದಿದ್ದೆ’ ಅಂದರು. ಅವನ ಬಗ್ಗೆ ಆಡಿದ ಮೊದಲ ಮಾತು ಅದು.

ಉಸಿರನ್ನು ಉದ್ದಕ್ಕೆ ಹೊರಬಿಟ್ಟಾಗ ವೇಗಸ್ ಅನ್ನುವ ನರದ ಮೂಲಕ ಹೃದಯದ ಓಟ ತಗ್ಗುತ್ತದೆ. ಭಜನೆಯ ಒಂದು ಸಾಲನ್ನು ಎಳೆದು ಹಾಡಿದರೂ ಅದೇ ಆಗುತ್ತದೆ. ನೀವು ಮನೆಯಲ್ಲಿ ಹೀಗೆ ಮಾಡಿ: ಎರಡೂ ಪಾದ ನೆಲಕ್ಕೆ ಊರಿ ಕೂತು, ಕೋಣೆಯನ್ನು ಸುತ್ತಲೂ ನಿಧಾನ ನೋಡಿ. ಅಂಗೈಗಳಿಂದ ಗೋಡೆಯನ್ನು ಒತ್ತಿ, ಬಿಡಿ. ಆಮೇಲೆ ಬಾಯಿ ಮುಚ್ಚಿ ‘ಹ್ಮ್’ ಅಂತ ಉಸಿರು ತೀರುವವರೆಗೆ ಗುನುಗಿ. ತಲೆ ಸುತ್ತಿದರೆ, ಗಾಬರಿ ಜಾಸ್ತಿಯಾದರೆ ನಿಲ್ಲಿಸಿ, ಎದ್ದು ಓಡಾಡಿ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ‘ಅಳು, ಕಿರುಚು, ಎಲ್ಲ ಹೊರಗೆ ಹಾಕು’ ಅಂತ ಒತ್ತಾಯ ಮಾಡುವ ಶಿಬಿರಕ್ಕೆ ಹೋಗಬೇಡಿ. ಕಟ್ಟಿಕೊಂಡದ್ದನ್ನು ಒಮ್ಮೆಲೇ ಬಿಚ್ಚಿದರೆ ಕೆಲವರು ಇನ್ನೂ ಕುಸಿಯುತ್ತಾರೆ. ಮೈ ಮೂಲಕ ಮಾಡುವ ಥೆರಪಿಯಲ್ಲಿ ದುಡಿದ ಪೀಟರ್ ಲೆವಿನ್ ಕೂಡ ನೋವನ್ನು ಸ್ವಲ್ಪ ಸ್ವಲ್ಪವೇ ಮುಟ್ಟಬೇಕು ಅನ್ನುತ್ತಾರೆ. ಮೈ ಮುಟ್ಟುವ ಮುಂಚೆ ಕೇಳದವರ ಹತ್ತಿರವೂ ಹೋಗಬೇಡಿ. ಈ ಥೆರಪಿಗಳ ಬಗ್ಗೆ ಇನ್ನೂ ದೊಡ್ಡ ಅಧ್ಯಯನಗಳು ಕಡಿಮೆ, ಎಲ್ಲ ವಾಸಿಯಾಗುತ್ತೆ ಅನ್ನುವವರನ್ನು ನಂಬಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ. ಕೇಳೋದು ನಿಮ್ಮ ಹಕ್ಕು.

ಬೆಂಗಳೂರಿಗೇ ಹೋಗಬೇಕಂತಿಲ್ಲ. ಧಾರವಾಡದ ಡಿಮ್ಹಾನ್ಸ್ ಸರಕಾರಿ ಸಂಸ್ಥೆ, ಮನೋವೈದ್ಯರು ಅಲ್ಲಿದ್ದಾರೆ. ರಾತ್ರಿ ಹೊತ್ತು ಎದೆ ಭಾರವಾಗಿ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನಿಸಿದರಂತೂ ಬೆಳಗಾಗುವವರೆಗೆ ಕಾಯಬೇಡಿ, ತಕ್ಷಣ ಮಾಡಿ.

ಇನ್ನು ಅತ್ತೆಯವರ ಮಾತು. ಸತ್ತವರ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ನಾಡು ನಮ್ಮದು, ದುಃಖದಲ್ಲಿ ಹಾಡಬಾರದು ಅಂತ ನಮ್ಮ ಹಿರಿಯರು ಹೇಳಿಲ್ಲ. ಆದರೆ ಅವರ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಹೆತ್ತ ಮಗನನ್ನು ಕಳೆದುಕೊಂಡವರು, ಅವರ ಹೆಗಲೂ ನಿಮ್ಮ ಹಾಗೇ ಕಲ್ಲಾಗಿರಬಹುದು. ಅವರಿಗೆ ಬೀಸುವ ಪದ ಬರುತ್ತಿದ್ದರೆ ಒಂದು ಹೇಳಿಕೊಡಿ ಅಂತ ಕೇಳಿ. ಡಿಮ್ಹಾನ್ಸಿಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಬಿಪಿ ನೋಡಿಸಿ, ನಿದ್ದೆ ಹೇಗಿದೆ ಅಂತ ಡಾಕ್ಟರು ಅವರನ್ನೂ ಕೇಳಲಿ.