‘ಗ್ರೀನ್‌ಮ್ಯಾಂಟಲ್’ ಕುರಿತ ತಮ್ಮ ಪ್ರಶ್ನೆಗೆ

ಜಾನ್ ಬುಕನ್ ಅವರ 1916ರ ‘ಗ್ರೀನ್‌ಮ್ಯಾಂಟಲ್’ ಕಾದಂಬರಿಗೆ ಮೊದಲು, ಅದೇ ನಾಯಕನ ಹಿಂದಿನ ಕಥೆಯಾದ ‘ದಿ ಥರ್ಟಿ-ನೈನ್ ಸ್ಟೆಪ್ಸ್’ ಓದಲೇಬೇಕೆ, ‘ಗ್ರೀನ್‌ಮ್ಯಾಂಟಲ್’ನಲ್ಲಿನ ಧರ್ಮದ ಎಳೆ ಬರಿಯ ಅಲಂಕಾರವೇ ಎಂದು ತಾವು ಕೇಳಿದ್ದೀರಿ. ಓದಲೇಬೇಕೆಂದೇನೂ ಇಲ್ಲ. ಧರ್ಮವಂತೂ ಇಲ್ಲಿ ಕಥೆಯ ಬೆನ್ನೆಲುಬು: 1914ರ ನವೆಂಬರಿನಲ್ಲಿ ಆಟೊಮನ್ ಸುಲ್ತಾನರು ನಿಜಕ್ಕೂ ಸಾರಿದ್ದ ಜಿಹಾದ್‌ನ ಹಿನ್ನೆಲೆಯಲ್ಲಿ, ಜನ ಎದುರುನೋಡುತ್ತಿದ್ದ ಪ್ರವಾದಿಯೊಬ್ಬನನ್ನು ಜರ್ಮನರು ಯುದ್ಧಕ್ಕೆ ಬಳಸಿಕೊಳ್ಳಲು ಹೂಡುವ ಸಂಚನ್ನು ಬ್ರಿಟನ್ನಿನ ಪರ ಗೂಢಚಾರಿಕೆಗಿಳಿದ ನಾಯಕ ರಿಚರ್ಡ್ ಹ್ಯಾನೆಯ ತಂಡ ಬೆನ್ನಟ್ಟುತ್ತದೆ. (ಪೂರ್ವದೇಶಗಳನ್ನು ಕುರಿತ ಲೇಖಕರ ದೃಷ್ಟಿ ಸಾಮ್ರಾಜ್ಯಶಾಹಿಯದೇ, ಅದನ್ನು ಅರಿತೇ ಓದಬೇಕು.) ನನಗೆ ಹೆಚ್ಚು ಹಿಡಿಸಿದ್ದು ಆ ವಿಚಿತ್ರ ತಂಡವೇ: ಅಜೀರ್ಣದ ಕಾಟದಿಂದ ಬೇಯಿಸಿದ ಮೀನು, ಹಾಲಿನಲ್ಲೇ ದಿನ ದೂಡುತ್ತ ಒಬ್ಬನೇ ಇಸ್ಪೀಟು ಹರಡಿಕೊಂಡು ಕೂರುವ ಅಮೆರಿಕನ್ ಬ್ಲೆಂಕಿರನ್, ವೇಷ ಮರೆಸುವುದರಲ್ಲಿ ನಿಪುಣನಾದ ಸ್ಯಾಂಡಿ, ಮತ್ತು ತುರ್ಕಿಯ ಎರ್ಜುರಮ್‌ನಲ್ಲಿ ಹ್ಯಾನೆ ಕದ್ದ ಸೇನಾ ನಕ್ಷೆಯನ್ನು ಹೊತ್ತು ತುರ್ಕಿ ಸೇನೆಯ ಸಾಲುಗಳ ನಡುವೆ ರಷ್ಯನ್ನರತ್ತ ತೆವಳುವ ಮುದುಕ ಪೀಟರ್.