ಆ ಅಜ್ಜಿ ಬಳ್ಳಿಯನ್ನು ಯಾಕೆ ಬದಿಗಿಟ್ಟರು?

ಟೀಚರ್, ನಮಸ್ಕಾರ.

ಕಾಸರಗೋಡಿನ ನಿಮ್ಮ ಕನ್ನಡ ಶಾಲೆಯಲ್ಲಿ ಕೊರಗ ಬುಡಕಟ್ಟಿನ ಮಕ್ಕಳಿಗೆ ವಿಜ್ಞಾನ ಕಲಿಸಿದ ಬಗ್ಗೆ ನೀವು ಅಚ್ಚಿಗೆ ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ನ್ಯೂಜಿಲೆಂಡ್ 1996ರಲ್ಲೇ ಅಲ್ಲಿನ ಮೂಲನಿವಾಸಿಗಳ ಮಾವೊರಿ ಮಾಧ್ಯಮದ ಶಾಲೆಗಳಿಗೆ ಅವರದೇ ಭಾಷೆಯಲ್ಲಿ ವಿಜ್ಞಾನ ಪಠ್ಯಕ್ರಮ ತಂದದ್ದನ್ನು ನೆನಪಿಸಿದ್ದೂ ಒಳ್ಳೆಯದಾಯಿತು. ಆದರೆ ಒಂದು ವಾಕ್ಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

"ಕೊರಗರ ಬುಟ್ಟಿಯಲ್ಲಿ ಅಪಾರ ವಿಜ್ಞಾನ ಅಡಗಿದೆ" ಎಂದು ಬರೆದಿದ್ದೀರಿ. ಎಲ್ಲಿದೆ, ಏನಿದೆ ಎಂದು ಹೇಳಿಲ್ಲ. ಮುಂದಿನ ವಾಕ್ಯ: "ಅವರಿಗೆ ಗೊತ್ತಿಲ್ಲದಿದ್ದರೂ ಇದಕ್ಕೆ ವೈಜ್ಞಾನಿಕ ಕಾರಣವಿದೆ." ಗೊತ್ತಿಲ್ಲ ಅಂತ ನಿಮಗೆ ಹೇಳಿದವರು ಯಾರು? ನೀವು ಕೇಳಿದಿರಾ? ಲೇಖನದಲ್ಲಿ ಬುಟ್ಟಿ ಹೆಣೆಯುವ ಆ ಕೊರಗ ಅಜ್ಜಿ ಒಂದು ಮಾತೂ ಆಡುವುದಿಲ್ಲ.

ಅದರ ಮೇಲಿನ ಸಾಲು ನೋಡಿ. ಅಜ್ಜಿ ನೀರಿನಿಂದ ಬಳ್ಳಿ ತೆಗೆದು, ಬೆರಳಿಗೆ ಸುತ್ತಿ ನೋಡಿ, ಒಂದನ್ನು ಬದಿಗಿಟ್ಟರು ಎಂದಿದ್ದೀರಿ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡದ್ದು ಇದೊಂದೇ. ಅಲ್ಲೇ ಪರೀಕ್ಷೆ ನಡೆದಿದೆ, ಆಯ್ಕೆ ನಡೆದಿದೆ. ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿ ಪಠ್ಯಪುಸ್ತಕಕ್ಕೆ ಹೋಗಿಬಿಟ್ಟಿರಿ. ಯಾಕೆ ಬದಿಗಿಟ್ಟರು? ಒಣಗಿತ್ತಾ, ಎಳೆಯದಾ? ಎಷ್ಟು ಹೊತ್ತು ನೆನೆಸಿದ್ದರು? ಹಸಿ ಬಳ್ಳಿ, ಒಣಗಿದ್ದು, ಒಣಗಿಸಿ ನೆನೆಸಿದ್ದು, ಮೂರನ್ನೂ ಮಕ್ಕಳೇ ಬಗ್ಗಿಸಿ ನೋಡಿದ್ದರೆ? ಅಜ್ಜಿಯ ಮೊಮ್ಮಗಳೇ ಅವತ್ತು ಕ್ಲಾಸಿಗೆ ಹೇಳಿಕೊಡಬಹುದಿತ್ತು, ಅಲ್ವಾ?

"ಮಕ್ಕಳು ಕುತೂಹಲದಿಂದ ಪ್ರಶ್ನೆ ಕೇಳಿದರು" ಅಂತಲೂ ಇದೆ. ಒಂದು ಪ್ರಶ್ನೆಯಾದರೂ ಬರೆಯಿರಿ.

ನಾನು ಕೆಲಸ ಕಲಿಯುವಾಗ ನಮ್ಮ ಹಿರಿಯ ಸಂಪಾದಕರು ಸುರಂಗ ತೋಡುವವರ ಬಗ್ಗೆ ಬರೆಯಲು ಕಳಿಸಿದ್ದರು. ನಮ್ಮ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತೆಗೆಯುತ್ತಾರಲ್ಲ, ಅದು. ಬರೆದದ್ದನ್ನು ತೋಡಿದವರಿಗೇ ಓದಿ ಹೇಳಿ ಬಾ, ಆಮೇಲೆ ಅಚ್ಚು ಎಂದರು. ಓದಿದೆ. ಕೇಳಿಸಿಕೊಂಡ ಹಿರಿಯರು ಮೋಂಬತ್ತಿಯ ವಿಷಯ ಸೇರಿಸಿಕೊಟ್ಟರು. ಒಳಗೆ ಹೋದಂತೆ ಜ್ವಾಲೆ ಮಂಕಾದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಕಾರಣ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅಂದಿನಿಂದ "ಅವರಿಗೆ ಗೊತ್ತಿಲ್ಲದಿದ್ದರೂ" ಎಂಬ ಮಾತು ಕಂಡಲ್ಲೆಲ್ಲ ನನ್ನ ಪೆನ್ನು ನಿಲ್ಲುತ್ತದೆ.

ಸಮಾರೋಪದ ಭಾಗ ಪೂರ್ತಿ ತೆಗೆಯಿರಿ. ಅಜ್ಜಿಯ ಹತ್ತಿರ ಇನ್ನೊಮ್ಮೆ ಹೋಗಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ನನಗೆ ಕಳಿಸಿ. ಜಾಗ ಇಟ್ಟಿರುತ್ತೇನೆ.